ಕತ್ತಿನ ಗಂಟು ಮತ್ತು ಖಾಲಾ ಕೇಳಿದ ಪ್ರಶ್ನೆ

ಅಂದು ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಟ್ಟಿದ್ದೆ. ನಾಗರಬಾವಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿರುವ ಖಾಲಾ ಬಂದರು. ಕೈಯಲ್ಲೊಂದು ದಪ್ಪನೆಯ ಫೈಲು. ಸದಾ ನಗುನಗುತ್ತಾ ಮಾತಾಡುವವರು ಅಂದು ಸಲಾಂ ಹೇಳಿ ಸುಮ್ಮನೆ ಕುಳಿತರು.

"ಇದನ್ನು ಸ್ವಲ್ಪ ಓದಿ ಹೇಳು ಬೇಟಿ. ಇದರಲ್ಲಿ ಜೀನ್ ಅಂತ ಬರೆದಿದೆಯಂತೆ. ಜೀನ್ ಅಂದರೆ ವಂಶದಿಂದ ಬರೋದು ಅಲ್ವಾ? ನನ್ನ ಅಮ್ಮಿಗೆ ಇರಲಿಲ್ಲ, ಅಬ್ಬಾಗೆ ಇರಲಿಲ್ಲ. ನನಗೆ ಎಲ್ಲಿಂದ ಬಂತು? ಇನ್ನು ನನ್ನ ಮಕ್ಕಳಿಗೂ ಬರುತ್ತಾ?"

ಸ್ವಲ್ಪ ತಡೆದು, ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. "ಚಿಕ್ಕವಳಿಗೆ ಸಂಬಂಧ ಬಂದಿದೆ. ಹುಡುಗನ ಕಡೆಯವರಿಗೆ ಏನಂತ ಹೇಳಲಿ?"

ಅವರ ನಿಜವಾದ ಸಂಕಟ ಈ ಕೊನೆಯ ಪ್ರಶ್ನೆಯಲ್ಲಿತ್ತು. ತನ್ನ ರೋಗಕ್ಕಿಂತ ಮಗಳ ನಿಕಾಹ್‌ನ ಚಿಂತೆಯೇ ಆ ತಾಯಿಯನ್ನು ಹೆಚ್ಚು ಸುಡುತ್ತಿತ್ತು.

ಖಾಲಾ ಅವರ ಕತೆ ನಮ್ಮ ಅನೇಕ ಮನೆಗಳ ಕತೆಯೇ. ಎಂಟು ತಿಂಗಳ ಹಿಂದೆ ಕಿವಿಯ ಕೆಳಗೆ ಕತ್ತಿನಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ದುಪಟ್ಟಾದ ಮರೆಯಲ್ಲಿ ಅದು ಯಾರಿಗೂ ಕಾಣಲಿಲ್ಲ, ಅವರೂ ಯಾರಿಗೂ ಹೇಳಲಿಲ್ಲ. ದೊಡ್ಡ ಮಗಳ ಬಾಣಂತನ ಮುಗಿಯಲಿ ಎಂದುಕೊಂಡರು. ಆಮೇಲೆ ರಮಝಾನ್ ಬಂತು. ಆಮೇಲೆ ಈದ್. ಗಂಟು ನೆಲ್ಲಿಕಾಯಿಯಷ್ಟಾದಾಗ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಕೈಯಿಂದ ಮುಟ್ಟಿ ನೋಡಿ, ಇದು ಕ್ಷಯದ ಗಂಟು ಎಂದು ಹೇಳಿ, ಗಂಟಿನ ಪರೀಕ್ಷೆಯನ್ನೇ ಮಾಡಿಸದೆ ಟಿಬಿ ಮಾತ್ರೆ ಶುರು ಮಾಡಿದರು. ಸಂಬಂಧಿಕರೊಬ್ಬರು ತಾಯಿತ ತಂದು ಕಟ್ಟಿದರು. ಎರಡು ತಿಂಗಳು ಹೀಗೇ ಹೋಯಿತು. ಕಂಕುಳಲ್ಲಿ ಇನ್ನೊಂದು ಗಂಟು ಎದ್ದಾಗ ಮಗ ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಗಂಟನ್ನು ತೆಗೆದು ಪರೀಕ್ಷಿಸಿದಾಗ ಗೊತ್ತಾಯಿತು: ಫಾಲಿಕ್ಯುಲರ್ ಲಿಂಫೋಮಾ. ದುಗ್ಧರಸ ಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್. ವರದಿಯ ಕೊನೆಯಲ್ಲಿ, 14ನೇ ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿವೆ ಎಂಬ ಸಾಲಿತ್ತು. ಖಾಲಾರ ನಿದ್ದೆ ಕೆಡಿಸಿದ್ದು ಅದೇ ಸಾಲು.

ಆ ಸಂಜೆ ಖಾಲಾರಿಗೆ ಹೇಳಿದ್ದನ್ನೇ ಈ ತಿಂಗಳು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ.

ಒಂದೇ ಪುಸ್ತಕ, ಬೇರೆ ಬೇರೆ ಪುಟ

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ 46 ವರ್ಣತಂತುಗಳಿವೆ. ಅವುಗಳ ಮೇಲೆ ಸುಮಾರು 20,000 ವಂಶವಾಹಿಗಳು, ಅಂದರೆ ಜೀನ್‌ಗಳಿವೆ. ಇದನ್ನೊಂದು ದೊಡ್ಡ ಅಡುಗೆ ಪುಸ್ತಕ ಎಂದುಕೊಳ್ಳಿ. ಕಣ್ಣಿನ ಕೋಶದಲ್ಲೂ ಅದೇ ಪುಸ್ತಕ, ಯಕೃತ್ತಿನ ಕೋಶದಲ್ಲೂ ಅದೇ ಪುಸ್ತಕ. ಹಾಗಿದ್ದರೆ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಉಳಿಯುವುದು ಹೇಗೆ? ಪ್ರತಿ ಕೋಶವೂ ತನಗೆ ಬೇಕಾದ ಪುಟಗಳನ್ನು ಮಾತ್ರ ತೆರೆದು ಓದುತ್ತದೆ. ಉಳಿದ ಪುಟಗಳು ಮುಚ್ಚಿರುತ್ತವೆ. ಯಾವ ಪುಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು, ಯಾವಾಗ ಮುಚ್ಚಬೇಕು ಎಂಬ ವ್ಯವಸ್ಥೆಯನ್ನೇ ವಿಜ್ಞಾನಿಗಳು ವಂಶವಾಹಿಗಳ ನಿಯಂತ್ರಣ ಎನ್ನುತ್ತಾರೆ.

ಈ ನಿಯಂತ್ರಣ ಅತ್ಯಂತ ಸೂಕ್ಷ್ಮವಾಗಿ ನಡೆಯುವ ಜಾಗಗಳಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೂ ಒಂದು. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆಯಿದೆ. ಅದರಲ್ಲಿ ಮುಖ್ಯವಾಗಿ ಎರಡು ಪಂಗಡ. ಟಿ ಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಬಿ ಕೋಶಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ ಬೆಳೆಯುತ್ತವೆ. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶಗಳ ಕೆಲಸ. ಖಾಲಾರ ರೋಗ ಹುಟ್ಟಿದ್ದು ಇಂಥದೇ ಒಂದು ಬಿ ಕೋಶದಲ್ಲಿ.

ಕತ್ತರಿಸಿ ಹೊಲಿಯುವ ಕೋಶ

ಜಗತ್ತಿನಲ್ಲಿರುವ ರೋಗಾಣುಗಳ ಬಗೆಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿರುವ ವಂಶವಾಹಿಗಳು ಸುಮಾರು 20,000 ಮಾತ್ರ. ಹಾಗಾದರೆ ಪ್ರತಿಯೊಂದಕ್ಕೂ ಹೊಂದುವ ಪ್ರತಿಕಾಯ ಹೇಗೆ ತಯಾರಾಗುತ್ತದೆ? ಈ ಒಗಟನ್ನು ಬಿಡಿಸಿದವರು ಜಪಾನಿನ ಸುಸುಮು ತೊನೆಗಾವ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 1976ರಲ್ಲಿ ಅವರು ಇದನ್ನು ತೋರಿಸಿಕೊಟ್ಟರು, 1987ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಬೆಳೆಯುತ್ತಿರುವ ಬಿ ಕೋಶ ತನ್ನ ವಂಶವಾಹಿಯ ತುಂಡುಗಳನ್ನು ತಾನೇ ಕತ್ತರಿಸಿ, ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ಚೂರು ಬಟ್ಟೆಗಳನ್ನು ಸೇರಿಸಿ ನಮ್ಮ ಅಜ್ಜಿಯಂದಿರು ಕೌದಿ ಹೊಲಿಯುತ್ತಿದ್ದ ಹಾಗೆ. ಚೂರುಗಳು ಕೆಲವೇ, ಕೌದಿಗಳ ಬಗೆ ಮಾತ್ರ ಲೆಕ್ಕವಿಲ್ಲದಷ್ಟು. ಸೃಷ್ಟಿಕರ್ತನ ಈ ಕೌಶಲವನ್ನು ನೆನೆದರೆ ಬಾಯಲ್ಲಿ ತಾನಾಗಿ ಸುಬ್‌ಹಾನಲ್ಲಾಹ್ ಬರುತ್ತದೆ.

ಕತ್ತರಿಸುವ ಕೆಲಸಕ್ಕೆ ರ್‍ಯಾಗ್ ಎಂಬ ಪ್ರೋಟೀನಿನ ಕತ್ತರಿ ಇದೆ. ಪ್ರತಿಕಾಯದ ಭಾರದ ಎಳೆಯನ್ನು ತಯಾರಿಸುವ ವಂಶವಾಹಿ ಇರುವುದು 14ನೇ ವರ್ಣತಂತುವಿನಲ್ಲಿ. ಕತ್ತರಿ ಅಲ್ಲಿ ಕೆಲಸ ಮಾಡಬೇಕು. ಆದರೆ ಕತ್ತರಿ ಇರುವಲ್ಲಿ ಕೈತಪ್ಪುವ ಭಯವೂ ಇರುತ್ತದೆ.

ಗೀಸರ್ ಫ್ರಿಜ್ಜಿನ ಲೈನಿಗೆ ಸೇರಿದರೆ?

18ನೇ ವರ್ಣತಂತುವಿನಲ್ಲಿ ಬಿಸಿಎಲ್-2 ಎಂಬ ವಂಶವಾಹಿಯಿದೆ. ಜೀವಕೋಶ ಸಾಯದಂತೆ ತಡೆಯುವುದು ಅದರ ಕೆಲಸ. ನಮ್ಮ ಆರೋಗ್ಯಕ್ಕೆ ಕೋಶಗಳು ಬದುಕುವುದು ಎಷ್ಟು ಮುಖ್ಯವೋ ಹೊತ್ತಿಗೆ ಸರಿಯಾಗಿ ಸಾಯುವುದೂ ಅಷ್ಟೇ ಮುಖ್ಯ. ಪ್ರತಿದಿನ ಕೋಟ್ಯಂತರ ಕೋಶಗಳು ತಮ್ಮ ಕೆಲಸ ಮುಗಿಸಿ ಸದ್ದಿಲ್ಲದೆ ಹೋಗುತ್ತವೆ. ಹಾಗಾಗಿ ಬಿಸಿಎಲ್-2 ಗೀಸರ್ ಇದ್ದ ಹಾಗೆ. ಬೇಕಾದಾಗ ಹಾಕಬೇಕು, ಬೇಡವಾದಾಗ ಆರಿಸಬೇಕು.

14ನೇ ವರ್ಣತಂತುವಿನ ಪ್ರತಿಕಾಯದ ವಂಶವಾಹಿ ಹಾಗಲ್ಲ. ಬಿ ಕೋಶದಲ್ಲಿ ಅದು ನಮ್ಮ ಮನೆಯ ಫ್ರಿಜ್ಜಿನ ಹಾಗೆ. ಅದರ ಸ್ವಿಚ್ಚನ್ನು ಯಾರೂ ಆರಿಸುವುದಿಲ್ಲ.

ಮಜ್ಜೆಯಲ್ಲಿ ಕತ್ತರಿಸಿ ಜೋಡಿಸುವ ಕೆಲಸ ನಡೆಯುವಾಗ ಒಂದು ಕೋಶದಲ್ಲಿ 14 ಮತ್ತು 18 ಎರಡೂ ತುಂಡಾಗಿ, ತಪ್ಪಾಗಿ ಒಂದಕ್ಕೊಂದು ಅಂಟಿಕೊಂಡವು ಎಂದುಕೊಳ್ಳಿ. ಗೀಸರಿನ ವೈರು ಫ್ರಿಜ್ಜಿನ ಲೈನಿಗೆ ಸೇರಿದಂತಾಯಿತು. ಗೀಸರಿನಲ್ಲಿ ಯಾವ ಕೆಡುಕೂ ಇಲ್ಲ. ಅದು ಸೇರಿರುವ ಸ್ವಿಚ್ಚು ಮಾತ್ರ ತಪ್ಪು. ಹಾಗಾಗಿ ಹಗಲುರಾತ್ರಿ ಉರಿಯುತ್ತಲೇ ಇರುತ್ತದೆ. ಆ ಕೋಶ ಸಾಯುವುದನ್ನೇ ಮರೆಯುತ್ತದೆ.

ಇದರ ಪರಿಣಾಮ ಗೊತ್ತಾಗುವುದು ಮುಂದೆ, ದುಗ್ಧರಸ ಗ್ರಂಥಿಯಲ್ಲಿ. ನೆಗಡಿ, ಗಂಟಲು ನೋವು ಬಂದಾಗ ಕತ್ತಿನ ಗ್ರಂಥಿಗಳು ಊದುವುದನ್ನು ನೀವು ನೋಡಿದ್ದೀರಿ. ಆಗ ಅಲ್ಲಿ ಬಿ ಕೋಶಗಳ ತರಬೇತಿ ನಡೆಯುತ್ತಿರುತ್ತದೆ. ಈ ತರಬೇತಿಯ ಮೇಸ್ತ್ರಿ ಬಿಸಿಎಲ್-6 ಎಂಬ ಇನ್ನೊಂದು ವಂಶವಾಹಿ. ತರಬೇತಿಯ ಹೊತ್ತಿನಲ್ಲಿ ಅದು ಬಿಸಿಎಲ್-2ರ ಪುಟವನ್ನು ಮುಚ್ಚಿಡುತ್ತದೆ. ರೋಗಾಣುವನ್ನು ಚೆನ್ನಾಗಿ ಹಿಡಿಯುವ ಕೋಶಗಳು ತೇರ್ಗಡೆಯಾಗಿ ಮುಂದೆ ಹೋಗಲಿ, ಉಳಿದವು ಸಾಯಲಿ ಎಂಬುದೇ ಇದರ ಉದ್ದೇಶ. ತೇರ್ಗಡೆಯಾದವು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಾಗುತ್ತವೆ, ಇಲ್ಲವೆ ಹಳೆಯ ರೋಗವನ್ನು ನೆನಪಿಟ್ಟುಕೊಳ್ಳುವ ಕೋಶಗಳಾಗುತ್ತವೆ. ಆದರೆ ವೈರು ಅದಲುಬದಲಾದ ಕೋಶದಲ್ಲಿ ಮೇಸ್ತ್ರಿಯ ಮಾತು ನಡೆಯುವುದಿಲ್ಲ. ಫೇಲಾದರೂ ಅದು ಶಾಲೆ ಬಿಡುವುದಿಲ್ಲ.

ಹಾಗೆ ಉಳಿದ ಕೋಶದಲ್ಲಿ ವರ್ಷಗಳು ಕಳೆದಂತೆ ಬೇರೆ ತಪ್ಪುಗಳು ಸೇರಿಕೊಳ್ಳುತ್ತವೆ. 2010 ಮತ್ತು 2011ರಲ್ಲಿ ಕೆನಡಾದ ವಿಜ್ಞಾನಿಗಳು ಇಂಥ ಎರಡು ತಪ್ಪುಗಳನ್ನು ಗುರುತಿಸಿದರು. ಇಝಡ್‌ಎಚ್-2 ಎಂಬುದು ಪುಟಗಳನ್ನು ಮುಚ್ಚಿಡುವ ಪ್ರೋಟೀನು. ಅದು ಕೆಟ್ಟರೆ ಪುಟಗಳು ಅಂಟಿನಿಂದ ಅಂಟಿಸಿದಂತೆ ಮುಚ್ಚಿಯೇ ಇರುತ್ತವೆ. ಕೆಎಂಟಿ-2ಡಿ ಎಂಬುದು ಪುಟಗಳನ್ನು ತೆರೆಯಲು ನೆರವಾಗುವ ಪ್ರೋಟೀನು. ಅದು ಕೆಟ್ಟರೆ ಬೇಕಾದ ಪುಟ ತೆರೆಯುವುದಿಲ್ಲ. ಎರಡರ ಫಲವೂ ಒಂದೇ. ಕೋಶ ಪೂರ್ತಿ ಬಲಿಯದೆ, ತರಬೇತಿಯ ನಡುವೆಯೇ ಸಿಕ್ಕಿಕೊಂಡು, ತನ್ನಂಥದೇ ಕೋಶಗಳನ್ನು ಹುಟ್ಟಿಸುತ್ತಾ ಹೋಗುತ್ತದೆ. ಖಾಲಾರ ಕತ್ತಿನ ಗಂಟು ಇಂಥ ಕೋಶಗಳ ರಾಶಿ.

ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲಿ

ನಾಗರಬಾವಿಯಿಂದ ಹೊರ ವರ್ತುಲ ರಸ್ತೆ ಹಿಡಿದು ಸುಮನಹಳ್ಳಿ, ಗೊರಗುಂಟೆಪಾಳ್ಯದ ಮೇಲೆ ಯಶವಂತಪುರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ನಮ್ಮ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಅದನ್ನೇ. ಅಲ್ಲಿನ ಜೀವರಸಾಯನ ವಿಭಾಗದ ಪ್ರೊಫೆಸರ್ ಸತೀಶ್ ರಾಘವನ್ ಈ ಅದಲುಬದಲಿನ ಬೆನ್ನು ಹತ್ತಿದವರು.

ಕತ್ತರಿಗೆ ಕೆಲಸವಿರುವುದು ಪ್ರತಿಕಾಯದ ವಂಶವಾಹಿಯಲ್ಲಿ. ಅದು 18ನೇ ವರ್ಣತಂತುವಿನ ಬಿಸಿಎಲ್-2 ಹತ್ತಿರ ಏಕೆ ಹೋಯಿತು? ಅಮೆರಿಕದಲ್ಲಿ ಮೈಕೆಲ್ ಲೀಬರ್ ಅವರ ಪ್ರಯೋಗಾಲಯದಲ್ಲಿದ್ದಾಗ ರಾಘವನ್ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಡಿಎನ್‌ಎ ಸಾಮಾನ್ಯವಾಗಿ ಎರಡೆಳೆಯ ಜಡೆಯಂತೆ ಹೆಣೆದಿರುತ್ತದೆ. ಬಿಸಿಎಲ್-2ರ ಆ ಒಂದು ಜಾಗದಲ್ಲಿ ಮಾತ್ರ ಹೆಣಿಗೆ ಸಡಿಲಾಗಿ ಬೇರೆ ಆಕಾರ ತಾಳಬಲ್ಲದು. ರ್‍ಯಾಗ್ ಕತ್ತರಿ ಆ ವಿಚಿತ್ರ ಆಕಾರವನ್ನು ನೋಡಿ ಮೋಸಹೋಗಿ ಅಲ್ಲೂ ಕತ್ತರಿಸಿಬಿಡುತ್ತದೆ.

ಬೆಂಗಳೂರಿಗೆ ಬಂದ ಮೇಲೆ ಅವರ ಪ್ರಯೋಗಾಲಯ 2010ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಯಾವ ಕಾಯಿಲೆಯೂ ಇಲ್ಲದ ಭಾರತೀಯರ ರಕ್ತದಲ್ಲಿ ಈ 14-18ರ ಅದಲುಬದಲು ಇದೆಯೇ ಎಂದು ಅವರು ಹುಡುಕಿದ್ದರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಅದು ಕಂಡುಬಂತು! ಅವರೆಲ್ಲ ಆರೋಗ್ಯವಂತರು. ವಿದೇಶಗಳಲ್ಲೂ ಆರೋಗ್ಯವಂತರ ರಕ್ತದಲ್ಲಿ ಇದು ಸಿಕ್ಕಿದೆ.

ಇದರ ಅರ್ಥವನ್ನು ಖಾಲಾರಿಗೆ ನಿಧಾನವಾಗಿ ಬಿಡಿಸಿ ಹೇಳಿದೆ. ನಮ್ಮಲ್ಲಿ ಅನೇಕರ ರಕ್ತದಲ್ಲಿ ಇಂಥ ವೈರು ಅದಲುಬದಲಾದ ಬೆರಳೆಣಿಕೆಯ ಕೋಶಗಳು ತಿರುಗಾಡುತ್ತಿರಬಹುದು. ಅವರಲ್ಲಿ ಬಹುತೇಕರಿಗೆ ಜೀವನಪರ್ಯಂತ ಏನೂ ಆಗುವುದಿಲ್ಲ. ಒಂದು ತಪ್ಪಿನಿಂದ ಕ್ಯಾನ್ಸರ್ ಆಗುವುದಿಲ್ಲ. ತಪ್ಪಿನ ಮೇಲೆ ತಪ್ಪು ಸೇರಬೇಕು. ಯಾರಲ್ಲಿ ಸೇರುತ್ತದೆ, ಯಾರಲ್ಲಿ ಸೇರುವುದಿಲ್ಲ ಎಂದು ಮುಂಚಿತವಾಗಿ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಖಾಲಾ ಮಾಡಿದ ಯಾವ ತಪ್ಪಿನಿಂದಲೂ ಇದು ಬಂದದ್ದಲ್ಲ. ಯಾರ ಕಣ್ಣುದೃಷ್ಟಿಯಿಂದಲೂ ಬಂದದ್ದಲ್ಲ. ಒಟ್ಟಿಗೆ ಉಂಡರೆ, ಮುಟ್ಟಿದರೆ ಅಂಟುವುದೂ ಇಲ್ಲ.

ವಂಶವಾಹಿ ಅಂದರೆ ವಂಶದ ರೋಗವೇ?

ಈಗ ಮೊದಲ ಪ್ರಶ್ನೆಗೆ ಬರೋಣ. ವಂಶವಾಹಿ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ವಂಶವಾಹಿಯಲ್ಲಿ ಆದ ಬದಲಾವಣೆಯೆಲ್ಲ ವಂಶದಿಂದ ಬಂದದ್ದಲ್ಲ, ವಂಶಕ್ಕೆ ಹೋಗುವುದೂ ಇಲ್ಲ. ತಾಯಿಯ ಅಂಡಾಣು, ತಂದೆಯ ವೀರ್ಯಾಣುವಿನಲ್ಲಿರುವುದು ಮಾತ್ರ ಮಕ್ಕಳಿಗೆ ಹೋಗುತ್ತದೆ. ಖಾಲಾರ ಅದಲುಬದಲು ಆದದ್ದು ಅವರು ಹುಟ್ಟಿದ ಎಷ್ಟೋ ವರ್ಷಗಳ ಮೇಲೆ, ಮಜ್ಜೆಯ ಒಂದು ಬಿ ಕೋಶದಲ್ಲಿ. ಅವರ ಮಕ್ಕಳು ಹುಟ್ಟಿದ ಅಂಡಾಣುಗಳಿಗೂ ಆ ಕೋಶಕ್ಕೂ ಯಾವ ಸಂಬಂಧವೂ ಇಲ್ಲ. ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡ ತಾಯಿಗೆ ಸುಟ್ಟ ಕಲೆಯಿರುವ ಮಗು ಹುಟ್ಟುವುದಿಲ್ಲವಲ್ಲ!

ಪೂರ್ತಿ ಸತ್ಯ ಹೇಳಬೇಕೆಂದರೆ, ಲಿಂಫೋಮಾ ಇರುವವರ ಹತ್ತಿರದ ರಕ್ತಸಂಬಂಧಿಗಳಿಗೆ ಈ ರೋಗದ ಸಂಭವ ಉಳಿದವರಿಗಿಂತ ತುಸು ಹೆಚ್ಚು. ಆದರೆ ರೋಗವೇ ವಿರಳವಾದ್ದರಿಂದ ಆ ತುಸು ಹೆಚ್ಚು ಎಂಬುದೂ ಬಹಳ ಕಡಿಮೆಯೇ. ಹೆಚ್ಚಿನ ರೋಗಿಗಳ ಮಕ್ಕಳಿಗೆ ಇದು ಬರುವುದಿಲ್ಲ. ಮಗಳಿಗೆ ಯಾವ ವಿಶೇಷ ಪರೀಕ್ಷೆಯೂ ಬೇಕಿಲ್ಲ.

ಹಾಗಾದರೆ ಹುಡುಗನ ಕಡೆಯವರಿಗೆ ಏನು ಹೇಳುವುದು? ನಿಕಾಹ್ ನಂಬಿಕೆಯ ಮೇಲೆ ನಿಲ್ಲುವ ಕರಾರು. ಮುಚ್ಚಿಟ್ಟು ಆರಂಭಿಸಿದ ಸಂಬಂಧಕ್ಕೆ ನೆಮ್ಮದಿ ಇರುವುದಿಲ್ಲ. "ನನಗೆ ಇಂಥ ಕಾಯಿಲೆಯಿದೆ, ಚಿಕಿತ್ಸೆ ನಡೆಯುತ್ತಿದೆ, ಇದು ಮಗಳಿಗೆ ಹರಿದು ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ" ಎಂದು ನೇರವಾಗಿ ಹೇಳಿ ಎಂದೆ. ಅಷ್ಟು ಕೇಳಿಯೂ ಹಿಂದೆ ಸರಿಯುವ ಮನೆಯಾದರೆ ನಾಳೆ ಸೊಸೆಗೆ ಜ್ವರ ಬಂದಾಗ ಅವರು ಹೇಗೆ ನಡೆದುಕೊಂಡಾರು?

ಹುಡುಗನ ತಾಯಂದಿರಿಗೂ ಒಂದು ಮಾತು. ಸಂಬಂಧ ನೋಡುವಾಗ ಹುಡುಗಿಯ ತಾಯಿಯ ಕ್ಯಾನ್ಸರನ್ನು ಕೊರತೆಯೆಂದು ಎಣಿಸಬೇಡಿ. ರೋಗ ಅಲ್ಲಾಹನ ಪರೀಕ್ಷೆ. ಅದನ್ನು ಹುಡುಗಿಯ ಮೇಲಿನ ಕಳಂಕವಾಗಿ ಮಾಡುವುದು ನಾವು.

ತಿಳಿವಳಿಕೆಯಿಂದ ಬಂದ ಮದ್ದು

ಸ್ವಿಚ್ಚು, ಪುಟ ಎಂದೆಲ್ಲ ತಿಳಿದು ರೋಗಿಗೆ ಏನು ಲಾಭ ಎಂದು ನೀವು ಕೇಳಬಹುದು. ಲಾಭವಿದೆ. ಬಿ ಕೋಶ ಯಾವ ಹಂತದಲ್ಲಿ ಯಾವ ಗುರುತನ್ನು ಮೈಮೇಲೆ ಧರಿಸುತ್ತದೆ ಎಂದು ತಿಳಿದದ್ದರಿಂದಲೇ ಆ ಗುರುತನ್ನು ಹುಡುಕಿ ಹೊಡೆಯುವ ರಿಟುಕ್ಸಿಮ್ಯಾಬ್ ಎಂಬ ಔಷಧ ಬಂತು. 1997ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪೆನಿ ಅದರ ಭಾರತೀಯ ರೂಪವನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಅವುಗಳಿಗೆ ಹೊಸ ವಂಶವಾಹಿ ಸೇರಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2023ರಲ್ಲಿ ಮೊದಲ ಅನುಮತಿ ದೊರೆಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪೆನಿಯೂ ಇಂಥ ಚಿಕಿತ್ಸೆಯನ್ನು ಹೊರತಂದಿತು. ಅದಕ್ಕೆ ಹತ್ತಾರು ಲಕ್ಷ ಖರ್ಚಾಗುತ್ತದೆ. ಬೇರೆ ಮದ್ದುಗಳು ಕೆಲಸ ಮಾಡದವರಿಗೆ ಮಾತ್ರ ಅದು.

ಖಾಲಾರ ಬಗೆಯ ಲಿಂಫೋಮಾ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಕೆಲವರಿಗೆ ತಕ್ಷಣ ಮದ್ದೇ ಬೇಕಾಗುವುದಿಲ್ಲ, ವೈದ್ಯರು ಆಗಾಗ ನೋಡುತ್ತಾ ಕಾಯುತ್ತಾರೆ. ಇದು ಮತ್ತೆ ಮತ್ತೆ ಮರುಕಳಿಸಬಹುದು, ಕೆಲವರಲ್ಲಿ ವೇಗದ ರೂಪಕ್ಕೂ ತಿರುಗಬಹುದು. ಆದರೂ ಚಿಕಿತ್ಸೆ ಪಡೆಯುತ್ತಾ ಹತ್ತು ಹದಿನೈದು ವರ್ಷ, ಅದಕ್ಕೂ ಹೆಚ್ಚು ಕಾಲ ಬಾಳುವವರು ಬಹಳ ಮಂದಿ.

ಖರ್ಚಿನ ಭಯದಿಂದ ಮನೆಯಲ್ಲಿ ಕೂರಬೇಡಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಆಸ್ಪತ್ರೆ 1973ರಿಂದ ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಆಸರೆಯಾಗಿದೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಮಂತ್ರಿಯೂ ಆಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಸಿದ್ಧವಿಟ್ಟುಕೊಳ್ಳಿ. ಊರುಗಳಿಂದ ಬರುವ ರೋಗಿಗಳ ಪ್ರಯಾಣ, ಊಟ, ತಂಗುವ ಖರ್ಚು ಯಾವ ಯೋಜನೆಯಲ್ಲೂ ಪೂರ್ತಿ ಸಿಗುವುದಿಲ್ಲ. ನಮ್ಮ ಝಕಾತ್ ಮತ್ತು ಸದಖಾದ ಹಣಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ಯಾವುದಿದೆ?

ಸಹೋದರಿಯರೇ, ಇಷ್ಟನ್ನು ಮರೆಯಬೇಡಿ

ಕತ್ತು, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಮೂರು ವಾರ ಕಳೆದರೂ ಇಳಿಯದಿದ್ದರೆ ಮುಚ್ಚಿಡಬೇಡಿ. ನೋವಿಲ್ಲ ಎಂದು ಸಮಾಧಾನ ಪಡಬೇಡಿ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಪರೀಕ್ಷೆಯಿಲ್ಲದೆ ಹಾಗೆ ತೀರ್ಮಾನಿಸುವಂತಿಲ್ಲ.

ಸಂಜೆ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿಯುವುದು ಕ್ಷಯದಲ್ಲೂ ಇದೆ, ಲಿಂಫೋಮಾದಲ್ಲೂ ಇದೆ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚಾದ್ದರಿಂದ ವೈದ್ಯರಿಗೆ ಮೊದಲು ಅದರ ನೆನಪಾಗುವುದು ಸಹಜ. ಆದರೆ ಟಿಬಿ ಮಾತ್ರೆ ಶುರು ಮಾಡುವ ಮೊದಲು "ಗಂಟಿನ ಬಯಾಪ್ಸಿ ಮಾಡಿಸೋಣವೇ?" ಎಂದು ವಿನಯದಿಂದ ಕೇಳಿ. ಸೂಜಿಯಿಂದ ತೆಗೆದ ಹನಿ ಕೆಲವೊಮ್ಮೆ ಸಾಲದು, ಇಡೀ ಗಂಟನ್ನೇ ತೆಗೆದು ನೋಡಬೇಕಾಗುತ್ತದೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಬೇಡಿ. ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಮಾತ್ರೆ ನುಂಗಬೇಡಿ. ಅದರಿಂದ ಗಂಟು ತಾತ್ಕಾಲಿಕವಾಗಿ ಕರಗಿ ನಿಜವಾದ ರೋಗ ಮರೆಯಾಗಬಹುದು. ಬಯಾಪ್ಸಿಯ ವರದಿಯನ್ನೂ ಮೇಣದಲ್ಲಿಟ್ಟ ಮಾದರಿಯನ್ನೂ ಕೇಳಿ ಪಡೆದು ಜೋಪಾನ ಮಾಡಿ. ಎರಡನೆಯ ಆಸ್ಪತ್ರೆಗೆ ಹೋದಾಗ ಅವು ಬೇಕಾಗುತ್ತವೆ.

ಪರ್ದಾದ ಸಂಕೋಚದಿಂದ ತಡಮಾಡಬೇಡಿ. ಮಹಿಳಾ ವೈದ್ಯರು ಬೇಕೆಂದು ಕೇಳುವ ಹಕ್ಕು ನಿಮಗಿದೆ. ಅವರು ಸಿಗದಿದ್ದರೆ ಅಗತ್ಯದ ಚಿಕಿತ್ಸೆಗೆ ನಮ್ಮ ಧರ್ಮ ಅಡ್ಡಿ ಮಾಡುವುದಿಲ್ಲ. ರೋಗಿಗೆ ಉಪವಾಸದಲ್ಲೂ ವಿನಾಯಿತಿ ಇದೆ. ದುಆ ಮಾಡಿ, ಖಂಡಿತ ಮಾಡಿ. ಆದರೆ ರೋಗವನ್ನು ಇಳಿಸಿದವನು ಅದರ ಮದ್ದನ್ನೂ ಇಳಿಸಿದ್ದಾನೆಂದು ಪ್ರವಾದಿಯವರು(ಸ) ನಮಗೆ ಕಲಿಸಿದ್ದಾರೆ. ಮದ್ದನ್ನು ಹುಡುಕುವುದು ತವಕ್ಕುಲ್‌ಗೆ ವಿರುದ್ಧವಲ್ಲ. ತಾಯಿತ ಕಟ್ಟಿಕೊಂಡು ಎರಡು ತಿಂಗಳು ಕಳೆದ ಖಾಲಾ ಈಗ ಅದನ್ನು ನೆನೆದು ಪಶ್ಚಾತ್ತಾಪ ಪಡುತ್ತಾರೆ.

ಖಾಲಾರ ಚಿಕಿತ್ಸೆ ಈಗ ನಡೆಯುತ್ತಿದೆ. ಕತ್ತಿನ ಗಂಟು ಇಳಿದಿದೆ, ಕೂದಲು ತೆಳುವಾಗಿದೆ, ನಗು ಮರಳಿದೆ. ಹುಡುಗನ ಕಡೆಯವರಿಗೆ ಅವರು ತಾವೇ ಕುಳಿತು ಎಲ್ಲವನ್ನೂ ಹೇಳಿದರಂತೆ. ಅವರು ಯೋಚಿಸಿ ತಿಳಿಸುತ್ತೇವೆಂದು ಹೋಗಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. "ಬಂದರೆ ಅಲ್‌ಹಮ್ದುಲಿಲ್ಲಾಹ್, ಬರದಿದ್ದರೂ ಅಲ್‌ಹಮ್ದುಲಿಲ್ಲಾಹ್. ನಾನು ಸುಳ್ಳು ಹೇಳಿಲ್ಲವಲ್ಲ ಬೇಟಿ, ಅದೇ ನೆಮ್ಮದಿ" ಎಂದರು ಮೊನ್ನೆ.

ಅಂದಹಾಗೆ, ಈ ಲೇಖನ ಬರೆಯಲು ಹೇಳಿದವರೂ ಅವರೇ. "ನನ್ನ ಹೆಸರು ಹಾಕಬೇಡ. ಆದರೆ ಗಂಟನ್ನು ದುಪಟ್ಟಾದಲ್ಲಿ ಮುಚ್ಚಿಡಬೇಡಿ ಅಂತ ಎಲ್ಲರಿಗೂ ಹೇಳು" ಎಂದರು. ಹೇಳಿದ್ದೇನೆ. ಅಲ್ಲಾಹನು ಅವರಿಗೂ ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ. ಆಮೀನ್.